‘ನೀವು ಸುಮ್ನೆ ಕೂತಿರಿ’ ಅನ್ನಬೇಡಿ

ಓದುಗರ ಕಾಗದ, ನನ್ನ ಉತ್ತರ – ಜುಲೈ 2021

ಈ ತಿಂಗಳ ಕಾಗದಗಳಲ್ಲಿ ಮುಕ್ಕಾಲು ಪಾಲು ಮನೆಯ ಹಿರಿಯರದೇ ಸುದ್ದಿ. ಹಿರಿಯರೇ ಬರೆದದ್ದು ಕೆಲವು, ಅವರ ಬಗ್ಗೆ ಮಕ್ಕಳು, ಸೊಸೆಯಂದಿರು ಬರೆದದ್ದು ಜಾಸ್ತಿ. ಹೊಸಬರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ 31 ವರ್ಷ ಸಮಾಜ ಕಾರ್ಯಕರ್ತೆಯಾಗಿದ್ದೆ. ಈಗ 66 ವರ್ಷ. ಮೈಸೂರಿನಲ್ಲಿ 88 ವರ್ಷದ ಅತ್ತೆಯ ಜೊತೆ ಇದ್ದೇನೆ. ಡಾಕ್ಟರ್ ಅಲ್ಲ, ಆದ್ದರಿಂದ ಮಾತ್ರೆಯ ಹೆಸರು ಕೇಳಬೇಡಿ.

*

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಕೊರೊನಾ ಲಸಿಕೆ ಎರಡೂ ಡೋಸ್ ಆಗಿದೆ, ಆದರೂ ಗೇಟು ದಾಟಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಟಿವಿ ಸುದ್ದಿ. ಸಂಜೆ ಜಿಲ್ಲಾವಾರು ಅಂಕಿ ಬಂದ ಕೂಡಲೇ ಹಳೇ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ಸತ್ತವರೆಷ್ಟು, ಹೊಸ ಕೇಸೆಷ್ಟು ಅಂತ. ಹಾಲಿನ ಪ್ಯಾಕೆಟ್ ಸೋಪು ಹಾಕಿ ತೊಳೆದು ಬಿಸಿಲಿಗೆ ಇಡುತ್ತಾರೆ, ಎರಡು ಸಲ ಹಾಲು ಒಡೆಯಿತು. ಇವರನ್ನು ಹೊರಗೆ ತರೋದು ಹೇಗೆ?
– ಒಬ್ಬ ಸೊಸೆ, ದಾವಣಗೆರೆ

ಉತ್ತರ: ಮೊದಲು ಒಂದು ವಿಷಯ. ಆ ಡೈರಿಯನ್ನು ಕಿತ್ತುಕೊಳ್ಳಬೇಡಿ. ಅದು ಹುಚ್ಚೂ ಅಲ್ಲ, ಕಾಯಿಲೆಯೂ ಅಲ್ಲ. ನಿಮ್ಮ ಮಾವ ಇಡೀ ನೌಕರಿಯಲ್ಲಿ ವೇ ಬಿಲ್ ಬರೆದವರು. ಪ್ರತಿ ಸ್ಟೇಜಿಗೆ ಎಷ್ಟು ಜನ ಹತ್ತಿದರು, ಎಷ್ಟು ಟಿಕೆಟ್ ಹೋಯಿತು, ಟ್ರಿಪ್ ಮುಗಿಯುವಾಗ ಚೀಲದ ದುಡ್ಡಿಗೂ ಕಾಗದಕ್ಕೂ ತಾಳೆಯಾಗಬೇಕು. ಆಗದಿದ್ದರೆ ಕೈಯಿಂದ ಕಟ್ಟಬೇಕು. ಈಗ ಊರಿನ ಲೆಕ್ಕವೇ ತಾಳೆಯಾಗುತ್ತಿಲ್ಲ. ಅದಕ್ಕೆ ತಮಗೆ ಗೊತ್ತಿರುವ ಕೆಲಸ ಮಾಡುತ್ತಿದ್ದಾರೆ, ಬರೆಯುತ್ತಿದ್ದಾರೆ. ತೊಂದರೆ ಇರುವುದು ಬರೆಯುವುದರಲ್ಲಲ್ಲ, ಏನನ್ನು ಬರೆಯುತ್ತಾರೆ ಅನ್ನುವುದರಲ್ಲಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ, ನಾನೇ ಮಾಡಿದ ತಪ್ಪು. ಹೋದ ವರ್ಷ ಮಾರ್ಚ್ 25ಕ್ಕೆ 21 ದಿನದ ಲಾಕ್‌ಡೌನ್ ಶುರುವಾಯಿತಲ್ಲ, ಆವತ್ತೇ ನಾನು ನಮ್ಮತ್ತೆಯ ಕೆಲಸಗಳನ್ನೆಲ್ಲ ಕಸಿದುಕೊಂಡೆ. ಅಲ್ಲಿಯವರೆಗೆ ತಳ್ಳುಗಾಡಿಯ ಸೊಪ್ಪಿನವನ ಹತ್ತಿರ ಚೌಕಾಶಿ ಮಾಡುತ್ತಿದ್ದವರು ಅವರೇ. ಸೊಪ್ಪು ಬಿಡಿಸುವವರು ಅವರೇ. ಗೇಟಿನ ಹತ್ತಿರ ನಿಂತು ಎದುರು ಮನೆಯವರ ಹತ್ತಿರ ಹತ್ತು ನಿಮಿಷ ಮಾತಾಡಿ ಒಳಗೆ ಬರುವವರು. ನಾನು ಗೇಟಿಗೆ ಬೀಗ ಹಾಕಿದೆ. ಸೊಪ್ಪನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿಸಿದೆ. ಬಿಡಿಸುವುದಕ್ಕೂ ಕೊಡಲಿಲ್ಲ, ಕೈಗೆ ಅಂಟಿಬಿಡುತ್ತದೆ ಅಂತ. ಕೇಳಿದಾಗಲೆಲ್ಲ ಒಂದೇ ಉತ್ತರ: “ಅತ್ತೆ, ನೀವು ಸುಮ್ನೆ ಕೂತಿರಿ.”

ಕೂತರು. ಪಾಪ, ಚೆನ್ನಾಗಿಯೇ ಕೂತರು. ಮೇ ತಿಂಗಳ ಹೊತ್ತಿಗೆ ಬೆಳಗ್ಗೆ ಹತ್ತಕ್ಕೇ ನಿದ್ದೆ. ದಿನಕ್ಕೆ ಮೂರು ಸಲ “ಇವತ್ತು ಯಾವ ವಾರ?” ಅನ್ನುವ ಪ್ರಶ್ನೆ. ಮಾತು ಕಮ್ಮಿ, ಊಟ ಕಮ್ಮಿ. 31 ವರ್ಷದ ಅನುಭವದವಳು ನಾನು ಏನಂದುಕೊಂಡೆ ಗೊತ್ತೇ? ವಯಸ್ಸಾಯಿತು, ಮರೆವು ಶುರುವಾಯಿತು ಅಂತ. ಒಂದು ದಿನ ನಾನು ಬಿಡಿಸಿದ್ದ ಸಬ್ಬಸಿಗೆ ಸೊಪ್ಪಿನ ಪಲ್ಯದಲ್ಲಿ ಮಣ್ಣು ಸಿಕ್ಕಿತು. ಅತ್ತೆ ತುತ್ತನ್ನು ತಟ್ಟೆಯ ಅಂಚಿಗೆ ಇಟ್ಟು ಹೇಳಿದರು: “ಸೊಪ್ಪು ಬಿಡಿಸೋದಕ್ಕೂ ನಾನು ಬೇಡ್ವೇನಮ್ಮ?”

ಮಾರನೇ ದಿನ ಸೊಪ್ಪಿನ ಕಟ್ಟು ಅವರ ಮುಂದೆ ಇಟ್ಟೆ. ಗೇಟಿನ ಒಳಗೆ ಕುರ್ಚಿ ಹಾಕಿ, ಮಾಸ್ಕ್ ಕಟ್ಟಿ, ಚೌಕಾಶಿಯನ್ನೂ ವಾಪಸ್ ಕೊಟ್ಟೆ. ಎರಡು ವಾರದಲ್ಲಿ ‘ಯಾವ ವಾರ’ ಅನ್ನುವ ಪ್ರಶ್ನೆ ನಿಂತುಹೋಯಿತು. ಯಾಕೆಂದರೆ ಸೊಪ್ಪಿನವನು ಬರುವುದು ಮಂಗಳವಾರ, ಶುಕ್ರವಾರ. ಅವರಿಗೆ ವಾರ ಗೊತ್ತಾಗುತ್ತಿದ್ದದ್ದು ಗೋಡೆಯ ಕ್ಯಾಲೆಂಡರಿನಿಂದಲ್ಲ, ಅವನಿಂದ. ಆಮೇಲೆ ಒಮ್ಮೆ ಅವರ ಬಾಲ್ಯದ ಪ್ಲೇಗಿನ ಮಾತು ಬಂತು. “ಇಲಿ ಬಿತ್ತು ಅಂದ್ರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಳ್ತಿದ್ವಿ. ಆಗ ಮನೆಯಿಂದ ಹೊರಗೆ ಹೋಗಿ ಅಂತಿದ್ರು, ಈಗ ಒಳಗೆ ಹೋಗಿ ಅಂತೀರಿ. ಎರಡಕ್ಕೂ ನಾನು ಬದುಕಿದ್ದೀನಲ್ಲ” ಅಂದರು. ನಾನು ಯಾರಿಗೆ ಧೈರ್ಯ ಹೇಳಲು ಹೊರಟಿದ್ದೆನೋ!

ಈಗ ನಿಮ್ಮ ಮಾವನ ವಿಷಯ. ಡೈರಿಗೆ ಬೇರೆ ಲೆಕ್ಕ ಕೊಡಿ. ಅವರ ಡಿಪೋದ ಹಳೇ ಸ್ನೇಹಿತರು ಎಷ್ಟು ಜನ ಇದ್ದಾರೆ, ಯಾರಿಗೆ ಎರಡನೇ ಡೋಸ್ ಆಗಿದೆ, ಯಾರಿಗೆ ಬಾಕಿ, ಯಾವತ್ತಿಗೆ? ಫೋನ್ ಮಾಡಿ ಕೇಳಿ ಬರೆದುಕೊಳ್ಳಲಿ. ಎರಡು ಡೋಸಿನ ನಡುವಿನ ಅಂತರವನ್ನು ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೆ ಏರಿಸಿದ ಮೇಲೆ ಕೋವಿಶೀಲ್ಡ್ ಹಾಕಿಸಿಕೊಂಡ ಎಷ್ಟೋ ಜನಕ್ಕೆ ತಮ್ಮ ದಿನಾಂಕವೇ ಗೊಂದಲ. ಬೀದಿಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಹೆಸರು ನೋಂದಾಯಿಸುವ ಕೆಲಸವೂ ಇದೆ. ಬೆರಳು ಆಡಿಸೋದು ನಿಮ್ಮ ಮಗ ಮಾಡಲಿ, ಪಟ್ಟಿ ಮಾವ ಇಟ್ಟುಕೊಳ್ಳಲಿ.

ಟಿವಿಯನ್ನು ಪೂರ್ತಿ ಆರಿಸಿದರೆ ಜಗಳವಾಗುತ್ತದೆ. ಮಧ್ಯಾಹ್ನ ಒಂದು ಸಲ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ಅಂತ ಒಪ್ಪಿಸಿ. ಹೊರಗೆ ಹೋಗುವುದನ್ನು ಸ್ಟೇಜ್ ಸ್ಟೇಜಾಗಿ ಮಾಡಿ. ಈ ವಾರ ಗೇಟು, ಮುಂದಿನ ವಾರ ಬೀದಿಯ ತಿರುವು. ಜುಲೈ 5ರಿಂದ ದೇವಸ್ಥಾನಗಳು ದರ್ಶನಕ್ಕೆ ತೆರೆದಿವೆ, ಜನ ಕಮ್ಮಿ ಇರುವ ಹೊತ್ತಿನಲ್ಲಿ ಮೂರನೇ ಸ್ಟೇಜ್ ಅಲ್ಲಿಗೆ. ರೈಟ್ ಹೇಳುವವರು ಅವರೇ ಆಗಿರಲಿ, ನೀವಲ್ಲ.

ಹಾಲಿನ ಪ್ಯಾಕೆಟ್ಟಿನ ವಿಷಯಕ್ಕೆ, ವಸ್ತುಗಳನ್ನು ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಮ್ಮಿ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕಳೆದ ಏಪ್ರಿಲ್‌ನಲ್ಲೇ ಹೇಳಿದೆ. ನೀರಿನಲ್ಲಿ ತೊಳೆದು, ಕೈ ತೊಳೆದುಕೊಂಡರೆ ಸಾಕು. ಆದರೆ ಇದನ್ನು ಸೊಸೆ ಹೇಳಿದರೆ ಮಾವ ಕೇಳುವುದಿಲ್ಲ, ನಮ್ಮ ದೇಶ ಹಾಗಿದೆ. ನಿಮ್ಮ ಮಾಮೂಲಿ ಡಾಕ್ಟರ ಬಾಯಲ್ಲಿ ಹೇಳಿಸಿ.

*

ಪ್ರಶ್ನೆ: ತಪ್ಪು ತಿಳಿಯಬೇಡಿ. ನನಗೆ 71. ಹೋದ ವರ್ಷದ ಲಾಕ್‌ಡೌನಿನಲ್ಲಿ ನಾನು ಸುಖವಾಗಿದ್ದೆ. ಮಗ, ಸೊಸೆ ಇಬ್ಬರೂ ಮನೆಯಿಂದಲೇ ಕೆಲಸ, ಮೊಮ್ಮಗಳ ಆನ್‌ಲೈನ್ ಕ್ಲಾಸಿಗೆ ಪಕ್ಕದಲ್ಲಿ ಕೂರುವವಳು ನಾನೇ. ಮಧ್ಯಾಹ್ನ ನಾಲ್ಕೂ ಜನ ಕೂತು ಬಿಸಿ ಊಟ ಮಾಡಿದ್ದು ಎಷ್ಟೋ ವರ್ಷದ ಮೇಲೆ. ಜನ ಸಾಯುತ್ತಿರುವಾಗ ನಾನು ಹೀಗಿದ್ದದ್ದು ಪಾಪ ಅನ್ನಿಸುತ್ತೆ. ಯಾರ ಹತ್ತಿರವೂ ಹೇಳಿಕೊಂಡಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ನೀವೊಬ್ಬರೇ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್‌ಸ್ಟನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 2020ರ ಏಪ್ರಿಲ್‌ನಲ್ಲಿ 18ರಿಂದ 76 ವರ್ಷದವರೆಗಿನ 945 ಅಮೆರಿಕನ್ನರನ್ನು ಕೇಳಿದರು. ಯಾವ ಯಾವ ಭಾವನೆ ಎಷ್ಟೆಷ್ಟು ಸಲ ಬಂತು, ಎಷ್ಟು ಜೋರಾಗಿತ್ತು ಅಂತ. ವೈರಸ್ಸಿನಿಂದ ಜಾಸ್ತಿ ಅಪಾಯ ಇದ್ದದ್ದು ವಯಸ್ಸಾದವರಿಗೆ. ಮನಸ್ಸು ಹೆಚ್ಚು ನೆಮ್ಮದಿಯಾಗಿದ್ದದ್ದೂ ಅವರದ್ದೇ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯ ಸಮೀಕ್ಷೆಯಲ್ಲಿ ಆತಂಕದ ಲಕ್ಷಣ ಕಂಡದ್ದು 18–24 ವಯಸ್ಸಿನವರಲ್ಲಿ ಶೇ 49 ಮಂದಿಗೆ, 65 ದಾಟಿದವರಲ್ಲಿ ಶೇ 6 ಮಂದಿಗೆ.

ಕಾರ್‌ಸ್ಟನ್‌ಸನ್ ಅವರ ವಿವರಣೆ ಸರಳ. ಮುಂದಿರುವ ಕಾಲ ಕಮ್ಮಿ ಅಂತ ಗೊತ್ತಾದಾಗ ಮನುಷ್ಯ ಬೇಡದ್ದನ್ನು ಬಿಡುತ್ತಾನೆ, ಹತ್ತಿರದವರನ್ನು ಹಿಡಿದುಕೊಳ್ಳುತ್ತಾನೆ, ಇವತ್ತಿನ ಅನ್ನ ಸಾರಿನ ರುಚಿ ನೋಡುತ್ತಾನೆ. ನೀವು ಮಾಡಿದ್ದೂ ಅದೇ ಅಲ್ವಾ?

ಹಾಗಂತ ಈ ಅಂಕಿ ಹಿಡಿದು ‘ಮುದುಕರು ಗುಂಡುಕಲ್ಲು, ಅವರಿಗೇನೂ ಆಗಲ್ಲ’ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಆ ಸಮೀಕ್ಷೆ ನಡೆದದ್ದು ಆನ್‌ಲೈನ್‌ನಲ್ಲಿ. ಉತ್ತರ ಕೊಟ್ಟವರು ಕಂಪ್ಯೂಟರ್ ಮುಂದೆ ಕೂರುವ ಶಕ್ತಿ ಇದ್ದವರು. ಹಾಸಿಗೆ ಹಿಡಿದವರನ್ನು, ಒಂಟಿ ಕೋಣೆಯಲ್ಲಿದ್ದವರನ್ನು ಯಾರು ಕೇಳಿದರು? 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸೋಂಕು ಬಂದಾಗ ಹಾಂಗ್‌ಕಾಂಗ್‌ನಲ್ಲಿ 65 ದಾಟಿದವರ ಆತ್ಮಹತ್ಯೆ ಏರಿತ್ತು. ಒಂಟಿತನ, ಮನೆಯವರಿಗೆ ಹೊರೆಯಾಗುತ್ತೇನೆಂಬ ಅಂಜಿಕೆ ಕಾರಣಗಳಲ್ಲಿ ಮುಖ್ಯ ಅಂತ ಅಧ್ಯಯನ ಮಾಡಿದವರು ಹೇಳಿದರು. ನಿಮ್ಮ ಪಕ್ಕದಲ್ಲಿ ಆನ್‌ಲೈನ್ ಕ್ಲಾಸಿನ ಮೊಮ್ಮಗಳಿದ್ದಳು. ಕೆಲವರಿಗೆ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡ್ ಇತ್ತು: ‘ಹಿರಿಯ ನಾಗರಿಕರು ಪಾರ್ಕಿನ ಬೆಂಚಿನಲ್ಲಿ ಕೂರಬಾರದು.’

ಪಾಪ ಅನ್ನಿಸಿದರೆ ಒಂದು ಕೆಲಸ ಮಾಡಿ. ನಿಮ್ಮದೇ ಕಟ್ಟಡದಲ್ಲಿ ಒಂಟಿಯಾಗಿರುವ ಒಬ್ಬರನ್ನು ಹುಡುಕಿ, ಮಧ್ಯಾಹ್ನದ ಸಾರು ಒಂದು ಡಬ್ಬಿ ಕೊಟ್ಟು ಬನ್ನಿ. ಖಾಲಿ ಡಬ್ಬಿ ವಾಪಸ್ ಬರುವಾಗ ಅದರ ಜೊತೆ ಒಂದಿಷ್ಟು ಮಾತೂ ಬರುತ್ತದೆ.

*

ಪ್ರಶ್ನೆ: ನಮ್ಮ ಯಜಮಾನರಿಗೆ 77. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ ಏನೋ ಕೇಳಿದರೆ ಇನ್ನೇನೋ ಹೇಳುತ್ತಾರೆ. ಜನ ನಗುತ್ತಾರೆ. ಮನೆಯಲ್ಲಿ ಮಾತ್ರ ಸರಿಯಾಗಿರುತ್ತಾರೆ. ಕೊರೊನಾ ಬಂದ ಮೇಲೇ ಹೀಗೆ. ಮರೆಗುಳಿ ಕಾಯಿಲೆಯೇ?
– ಶಿವಮೊಗ್ಗ

ಉತ್ತರ: ಮನೆಯಲ್ಲಿ ನೀವು ಮಾಸ್ಕ್ ಹಾಕುವುದಿಲ್ಲ, ಬ್ಯಾಂಕಿನವರು ಹಾಕುತ್ತಾರೆ. ಅವರಿಗೆ ಕಿವಿ ಮಂದವಾಗಿ ಬಹಳ ಕಾಲವಾಗಿರಬಹುದು. ಇಷ್ಟು ವರ್ಷ ತುಟಿ ನೋಡಿಕೊಂಡು ಸಂಭಾಳಿಸಿರಬಹುದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹಾಗೆಯೇ ರಕ್ತದಲ್ಲಿ ಬಿ12, ಥೈರಾಯ್ಡ್ ನೋಡಿಸಿ. ಎಲ್ಲ ಸರಿ ಇದ್ದೂ ಮನೆಯೊಳಗೂ ದಾರಿ, ಹೆಸರು ತಪ್ಪಲು ಶುರುವಾದರೆ ಆಗ ನರರೋಗ ತಜ್ಞರ ಹತ್ತಿರ ಹೋಗಿ. ಅಲ್ಲಿಯವರೆಗೆ ಆ ಕಾಯಿಲೆಯ ಹೆಸರನ್ನು ಅವರ ಎದುರು ಎತ್ತಬೇಡಿ.

*

ಪ್ರಶ್ನೆ: ನನಗೆ 67. ಮೇ 9ರಂದು ನಮ್ಮ ಮನೆಯವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ನನಗೂ ಜ್ವರ ಇತ್ತು, ಬಿಡಲಿಲ್ಲ. ಆರನೇ ದಿನ ತೀರಿಕೊಂಡರು. ಮಗ ದೂರದಿಂದ ಪ್ಲಾಸ್ಟಿಕ್ ಸುತ್ತಿದ್ದನ್ನು ನೋಡಿದನಂತೆ. ಹದಿಮೂರನೇ ದಿನಕ್ಕೆ ಮನೆಯಲ್ಲಿ ಇದ್ದದ್ದು ನಾಲ್ಕು ಜನ. ಮಾತಾಡಿಸಲಿಕ್ಕೆ ಯಾರೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ನಾನು ಇನ್ನೂ ಅತ್ತಿಲ್ಲ. ಅವರ ಚಪ್ಪಲಿ ಬಾಗಿಲಲ್ಲೇ ಇದೆ, ಆವತ್ತು ಹಾಕಿಕೊಳ್ಳಲಿಕ್ಕೆ ಆಗದೆ ಬರಿಗಾಲಲ್ಲಿ ಹೋದರು. ಮಗ ತೆಗೆದುಬಿಡು ಅನ್ನುತ್ತಾನೆ. ಸಂಜೆ ಗೇಟು ಸಪ್ಪಳವಾದರೆ ಎದ್ದು ಹೋಗುತ್ತೇನೆ. ನನಗೆ ಹುಚ್ಚು ಹಿಡಿಯುತ್ತಿದೆಯೇ?
– ಧಾರವಾಡ

ಉತ್ತರ: ಅಕ್ಕಾ, ಚಪ್ಪಲಿ ಇರಲಿ.

ನಿಮಗೆ ಹುಚ್ಚು ಹಿಡಿಯುತ್ತಿಲ್ಲ. ಅವರು ಹೋದರು ಅನ್ನುವ ಸುದ್ದಿ ನಿಮ್ಮ ಕಿವಿಗೆ ಮುಟ್ಟಿದೆ, ಕಣ್ಣಿಗೆ ಮುಟ್ಟಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲಿ ಎಷ್ಟೊಂದು ನಡೆಯುತ್ತದೆ ನೋಡಿ. ಊರವರು ಬರುತ್ತಾರೆ, ಮುಖ ನೋಡುತ್ತಾರೆ, ಹೆಂಗಸರು ತಬ್ಬಿಕೊಂಡು ಅಳುತ್ತಾರೆ, ಒಲೆ ಹಚ್ಚದ ಮನೆಗೆ ಪಕ್ಕದವರು ಅನ್ನ ತರುತ್ತಾರೆ. ಹೇಗಾಯಿತು ಅಂತ ಬಂದವರೆಲ್ಲ ಕೇಳುತ್ತಾರೆ, ನೀವು ಇಪ್ಪತ್ತು ಸಲ ಅದನ್ನೇ ಹೇಳುತ್ತೀರಿ. ಇಪ್ಪತ್ತನೇ ಸಲಕ್ಕೆ ಮನಸ್ಸು ಸ್ವಲ್ಪ ನಂಬುತ್ತದೆ. ಇದೆಲ್ಲ ಬರೀ ಶಾಸ್ತ್ರ ಅಂತ ನನ್ನ ಇಪ್ಪತ್ತೈದನೇ ವಯಸ್ಸಿನಲ್ಲಿ ನಾನೂ ಮೂಗು ಮುರಿದವಳೇ. ಈಗ ಹಾಗೆ ಅನ್ನುವುದಿಲ್ಲ. ನಿಮ್ಮ ಮನೆಯಲ್ಲಿ ಇದ್ಯಾವುದೂ ಆಗಲಿಲ್ಲ. ಹಾಗಿದ್ದ ಮೇಲೆ ಮನಸ್ಸು ಇನ್ನೂ ಬಾಗಿಲಲ್ಲಿ ಕಾಯುತ್ತಿದ್ದರೆ ಅದರದ್ದೇನು ತಪ್ಪು?

ಈ ಗತಿ ಎಷ್ಟೋ ಮನೆಗಳದ್ದು. ಜೂನ್ 2ರಂದು ಮಂಡ್ಯ ಜಿಲ್ಲೆಯ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ, ಯಾರೂ ತೆಗೆದುಕೊಂಡು ಹೋಗದೆ ಉಳಿದ 500ಕ್ಕೂ ಹೆಚ್ಚು ಜನರ ಅಸ್ಥಿಯನ್ನು ಸರ್ಕಾರವೇ ವಿಸರ್ಜನೆ ಮಾಡಿತು. ಕಂದಾಯ ಸಚಿವ ಆರ್. ಅಶೋಕ ಅವರೇ ನಿಂತು ಮಾಡಿದರು. ಅಷ್ಟೂ ಮಡಕೆಗಳ ಹಿಂದೆ ಒಂದೊಂದು ಮನೆ ಇದೆ. ಹೆದರಿ ಬಾರದವರು, ತಾವೇ ಹಾಸಿಗೆ ಹಿಡಿದವರು, ಬರಲು ಯಾರೂ ಉಳಿಯದವರು. ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಆಗದೆ ಉಳಿದದ್ದನ್ನು ಈಗ ಮಾಡಬಹುದು. ತಡವಾಗಿ ಅತ್ತರೂ ಅಳು ಅಳುವೇ. ಮೊದಲು ಮಗನನ್ನು ಕೂರಿಸಿಕೊಂಡು, ಆವತ್ತು ಏನೇನು ನೋಡಿದೆ ಪೂರ್ತಿ ಹೇಳು ಅನ್ನಿ. ಅಮ್ಮನಿಗೆ ನೋವಾಗುತ್ತದೆ ಅಂತ ಅವನು ಅರ್ಧ ನುಂಗಿದ್ದಾನೆ. ‘ಚಪ್ಪಲಿ ತೆಗೆದುಬಿಡು’ ಅನ್ನುವುದು ಅವನ ನೋವು, ನಿಮ್ಮ ಮೇಲಿನ ಸಿಟ್ಟಲ್ಲ. ಆಸ್ಪತ್ರೆಯ ಆ ವಾರ್ಡಿಗೆ ಒಂದು ಸಲ ಫೋನ್ ಮಾಡಿಸಿ. ಕೊನೇ ದಿನಗಳಲ್ಲಿ ನೋಡಿಕೊಂಡ ನರ್ಸ್ ಯಾರಾದರೂ ಸಿಕ್ಕಿದರೆ ಕೇಳಿ, ಏನಾದರೂ ಅಂದರಾ, ಏನಾದರೂ ಕುಡಿದರಾ. ಸಿಗದೇ ಹೋಗಬಹುದು, ಆದರೆ ಕೆಲವರಿಗೆ ನೆನಪಿರುತ್ತದೆ. ನನ್ನ ಹಳೇ ವಿಭಾಗದ ಹುಡುಗಿಯೊಬ್ಬಳು ಇಂಥ ಒಂದು ಫೋನಿಗೆ, ‘ಹೌದಮ್ಮ, ಬೆಳಗ್ಗೆ ಕಾಫಿ ಕೇಳಿದರು, ಎರಡು ಗುಟುಕು ಕೊಟ್ಟೆ’ ಅಂದಳು. ಆ ಕಡೆಯ ಹೆಣ್ಣುಮಗಳು ಅತ್ತದ್ದು ಆವಾಗಲೇ.

ಇನ್ನು, ಮಾತಾಡಿಸಲು ಬರದವರನ್ನು ನೀವೇ ಕರೆಯಿರಿ. ‘ನಾನು ಇನ್ನೂ ಯಾರ ಹತ್ತಿರವೂ ಮಾತಾಡಿಲ್ಲ, ಬರ್ರಿ’ ಅನ್ನಿ. ಒಂದು ದಿನಕ್ಕೆ ಇಬ್ಬರು, ಕಿಟಕಿ ತೆಗೆದು, ಮಾಸ್ಕ್ ಹಾಕಿಕೊಂಡು. ಅವರ ಜೊತೆ ಕೆಲಸ ಮಾಡಿದವರು, ಸಂತೆಗೆ ಜೊತೆಯಾಗಿ ಹೋಗುತ್ತಿದ್ದವರು, ಸಾಲ ಕೊಟ್ಟವರೂ ಬರಲಿ. ಒಬ್ಬೊಬ್ಬರೂ ಅವರ ಒಂದು ಸಂಗತಿ ಹೇಳಲಿ. ನಿಮ್ಮಲ್ಲಿ ಪಕ್ಷ ಮಾಡುವ ಪದ್ಧತಿ ಇದ್ದರೆ, ಈ ಸಲ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 6ಕ್ಕೆ. ಅಂದು ಅವರಿಗೆ ಇಷ್ಟವಾದ ಅಡುಗೆ ಮಾಡಿ, ಆಗಿನ ನಿಯಮ ನೋಡಿಕೊಂಡು ಹದಿಮೂರನೇ ದಿನಕ್ಕೆ ಬರಲಾಗದವರನ್ನು ಕರೆಯಿರಿ.

ಚಪ್ಪಲಿ ತೆಗೆಯುವ ದಿನ ನಿಮಗೇ ಗೊತ್ತಾಗುತ್ತದೆ. ಆವತ್ತು ಅದನ್ನು ಬರಿಗಾಲಿನ ಯಾರಿಗಾದರೂ ಕೊಡುತ್ತೀರೋ, ಒಳಗೆ ಕಪಾಟಿನಲ್ಲಿ ಇಡುತ್ತೀರೋ, ನಿಮಗೆ ಬಿಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಕೂಡ ದುಃಖವನ್ನು ಕಾಯಿಲೆ ಅಂತ ಕರೆಯಬೇಕಾದರೆ ಕನಿಷ್ಠ ಆರು ತಿಂಗಳು ಕಳೆದಿರಬೇಕು ಅನ್ನುತ್ತದೆ. ನಿಮಗೆ ಎರಡು ತಿಂಗಳೂ ಸರಿಯಾಗಿ ಆಗಿಲ್ಲ. ‘ಧೈರ್ಯ ತಗೋ’ ಅನ್ನುವವರಿಗೆ ಹೂಂ ಅಂದುಬಿಡಿ, ಅಷ್ಟೆ.

ಒಂದಕ್ಕೆ ಮಾತ್ರ ತಡ ಮಾಡಬೇಡಿ. ಊಟ, ನಿದ್ದೆ ಎರಡು ವಾರ ಪೂರ್ತಿ ಕೆಟ್ಟರೆ, ಬಿಪಿ ಸಕ್ಕರೆಯ ಮಾತ್ರೆ ನುಂಗುವುದೇ ಬೇಡ ಅನ್ನಿಸಿದರೆ, ‘ನಾನೂ ಅವರ ಹಿಂದೆ ಹೋಗಬೇಕಿತ್ತು’ ಅನ್ನುವುದು ಮತ್ತೆ ಮತ್ತೆ ಬಂದರೆ, ಅದೇ ದಿನ ಮಗನಿಗೆ ಹೇಳಿ. ನಿಮ್ಹಾನ್ಸ್‌ನ ಸಹಾಯವಾಣಿ 080-46110007. ಕನ್ನಡದಲ್ಲೇ ಮಾತಾಡಬಹುದು.

*

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಪ್ಪ (76), ಆಯಿ (70) ಇಬ್ಬರೇ. ಎರಡು ವರ್ಷದಿಂದ ಬರಲಾಗಿಲ್ಲ. ದಿನಾ ವಿಡಿಯೊ ಕಾಲ್ ಮಾಡಿ ಎಚ್ಚರಿಕೆ ಹೇಳುತ್ತೇನೆ. ಇತ್ತೀಚೆಗೆ ಫೋನ್ ಎತ್ತುವುದೇ ಇಲ್ಲ. ಅವರಿಗೆ ಖಿನ್ನತೆ ಬಂದಿರಬಹುದೇ?

ಉತ್ತರ: ನಿಮ್ಮ ಕಾಗದದ ಜೊತೆ ಹೋದ ವಾರ ಕೇಳಿದ ಪ್ರಶ್ನೆಗಳ ಪಟ್ಟಿಯನ್ನೂ ಕಳಿಸಿದ್ದೀರಿ. ಮಾಸ್ಕ್ ಹಾಕಿದ್ರಾ, ಸ್ಯಾಚುರೇಶನ್ ಎಷ್ಟು, ಆಕ್ಸಿಮೀಟರ್ ಚಾರ್ಜ್ ಇದೆಯಾ, ಪೇಟೆಗೆ ಯಾಕೆ ಹೋದ್ರಿ, ಮಾತ್ರೆ ತಗೊಂಡ್ರಾ. ತಮ್ಮಾ, ನಾನಾಗಿದ್ದರೂ ಎತ್ತುತ್ತಿರಲಿಲ್ಲ. (ಆಕ್ಸಿಮೀಟರ್ ಚಾರ್ಜ್ ಮಾಡುವುದಲ್ಲ, ಸಾಮಾನ್ಯವಾಗಿ ಸೆಲ್ ಹಾಕುವುದು. ಅದೂ ಅಪ್ಪನಿಗೆ ಗೊತ್ತಿರುತ್ತದೆ.)

ಅಲ್ಲಿ ಈಗ ಮಳೆಗಾಲ. ಅಡಿಕೆಗೆ ಕೊಳೆರೋಗ ಬರುವ ಕಾಲ. ಮಳೆ ಹೊಳವಾಗುವ ಎರಡು ದಿನ ನೋಡಿಕೊಂಡು ಮೈಲುತುತ್ತ, ಸುಣ್ಣ ಕಲಸಿ ಮದ್ದು ಹೊಡೆಸಬೇಕು. ಅಡಿಕೆ ಮರ ಹತ್ತುವ ಕೊನೆಗೌಡ ಬರಬೇಕು, ಅವನು ಇನ್ನೊಬ್ಬರ ತೋಟಕ್ಕೆ ಹೋಗಿಬಿಟ್ಟಿರುತ್ತಾನೆ. ನಿಮ್ಮ ಅಪ್ಪನಿಗೆ ಆಕಾಶ ನೋಡುವ ಕೆಲಸ ಇದೆ. ಕೆಲಸ ಇರುವವರಿಗೆ ಖಿನ್ನತೆ ಬರುವುದೇ ಇಲ್ಲ ಅಂತಲ್ಲ. ಆದರೆ ಮೊದಲು ಪಕ್ಕದ ಮನೆಯವರನ್ನು ಕೇಳಿ, ಅಪ್ಪ ತೋಟಕ್ಕೆ ಇಳಿಯುತ್ತಿದ್ದಾರಾ, ಆಯಿ ಹೊರಗೆ ಕಾಣುತ್ತಾರಾ ಅಂತ. ಇಳಿಯುತ್ತಿದ್ದರೆ, ಅವರು ಬಿಟ್ಟಿರುವುದು ನಿಮ್ಮ ಪಾಠವನ್ನು ಮಾತ್ರ. ಅಪ್ಪ ತೋಟವನ್ನೇ ಬಿಟ್ಟು ಮಲಗಿದ್ದರೆ ಆಗ ನನಗೆ ಮತ್ತೆ ಬರೆಯಿರಿ, ಬೇರೆ ಮಾತಾಡೋಣ.

ನಾಳೆಯಿಂದ ಒಂದು ವಾರ ಬುದ್ಧಿವಾದ ಬಂದ್. ನಿಮಗೆ ಗೊತ್ತಿಲ್ಲದ್ದನ್ನು ಕೇಳಿ. ಒಂದೆಲಗದ ತಂಬುಳಿಗೆ ಜೀರಿಗೆ ಮೊದಲೋ ಮೆಣಸು ಮೊದಲೋ ಅಂತ ಆಯಿಯನ್ನು ಕೇಳಿ, ಅವರು ಹೇಳಿದ ಹಾಗೆ ಮಾಡಿ, ಕೆಟ್ಟರೆ ಕೆಟ್ಟಿತು ಅಂತಲೇ ಹೇಳಿ. ಅಲ್ಲಿ ಒಂದೆಲಗ ಸಿಗದಿದ್ದರೆ ಅದಕ್ಕೆ ಬದಲಿ ಏನು ಅಂತ ಹೇಳುವ ತಲೆನೋವೂ ಅವರದ್ದೇ. ಎಷ್ಟನೇ ಸಲ ಮದ್ದು ಹೊಡೆಸಿದಿರಿ ಅಂತ ಅಪ್ಪನನ್ನು ಕೇಳಿ. ವಿಡಿಯೊ ಬೇಡ, ನಿಮ್ಮೂರ ಕಡೆ ಆ ನೆಟ್‌ವರ್ಕ್ ಮಳೆಗಾಲದಲ್ಲಿ ಸಿಗುವುದು ಅಷ್ಟರಲ್ಲೇ ಇದೆ. ದನಿ ಮುದ್ರಿಸಿ ಕಳಿಸಿ. ಉತ್ತರ ತಡವಾದರೆ ಗಾಬರಿಯಾಗಿ ಪಕ್ಕದ ಮನೆಯವರನ್ನು ಎಬ್ಬಿಸಬೇಡಿ. ಕರೆಂಟ್ ಹೋಗಿರುತ್ತದೆ, ಇಲ್ಲವೇ ಅಪ್ಪ ಸಿಗ್ನಲ್ಲಿಗಾಗಿ ಕೊಡೆ ಹಿಡಿದುಕೊಂಡು ಗುಡ್ಡ ಹತ್ತುತ್ತಿರುತ್ತಾರೆ.